ಪಿಯುಸಿ ಆಯ್ತು, ಎಸ್‌ಡಿಎ ಬರೆಯೋದಾ, ಸಿಎಚ್‌ಎಸ್‌ಎಲ್ ಬರೆಯೋದಾ?

ಎರಡಕ್ಕೂ ಪಿಯುಸಿ ಸಾಕು, ಆದರೆ ಓದು ಬೇರೆ ಬೇರೆ. ಎಸ್‌ಡಿಎ ಅಂದರೆ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ನಡೆಸುವ ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆ, ಅದರಲ್ಲಿ ಸಾಮಾನ್ಯ ಜ್ಞಾನ ಒಂದು ಪತ್ರಿಕೆ. ಜೊತೆಗೆ ಸಾಮಾನ್ಯ ಕನ್ನಡ ಅಥವಾ ಇಂಗ್ಲಿಷ್, ಇನ್ನು 150 ಅಂಕದ ಕಡ್ಡಾಯ ಕನ್ನಡದಲ್ಲಿ 50 ಬಂದರೆ ಸಾಕು. ಸಿಎಚ್‌ಎಸ್‌ಎಲ್, ಅಂದರೆ ಕೇಂದ್ರ ಸರ್ಕಾರದ ಕ್ಲರ್ಕ್‌ನಂಥ ಹುದ್ದೆಗಳಿಗೆ ಎಸ್‌ಎಸ್‌ಸಿ (ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಪರೀಕ್ಷೆ, ಹಾಗಲ್ಲ, ಅದು ಓಟದ ಪಂದ್ಯ: ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 25 ಗಣಿತ, 25 ಇಂಗ್ಲಿಷ್, ಶೇಕಡಾವಾರು ಲೆಕ್ಕಕ್ಕೆ ಪೆನ್ನು ಹಿಡಿದು ಕೂತರೆ ಅಷ್ಟರಲ್ಲೇ ಎರಡು ಪ್ರಶ್ನೆ ಹೋಗಿರುತ್ತವೆ. ತಪ್ಪಿಗೆ ಅರ್ಧ ಅಂಕ ಕಟ್. ಕ್ಲರ್ಕ್ ಹುದ್ದೆಗೆ ಆಮೇಲೆ ಟೈಪಿಂಗ್ ಬೇರೆ, ನಿಮಿಷಕ್ಕೆ 35 ಇಂಗ್ಲಿಷ್ ಪದ. ಮೂಲ ವೇತನ 19,900ರಿಂದ ಶುರು, ಕೆಲಸ ದೇಶದಲ್ಲಿ ಎಲ್ಲಿ ಬೇಕಾದರೂ ಸಿಗಬಹುದು.

ರಾಜ್ಯ ಬಿಡಲು ಮನಸ್ಸಿಲ್ಲ, ಗಣಿತ ಕಂಡರೆ ಆಗಲ್ಲ ಅಂದರೆ ಸುಮ್ನೆ ಎಸ್‌ಡಿಎಗೆ ಕೂತುಬಿಡಿ. ಆದರೆ ಅದರ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ, ಹಾಗಾಗಿ ನಾನಾಗಿದ್ದರೆ ಕಾಯುವ ಹೊತ್ತಿನಲ್ಲಿ ಸಿಎಚ್‌ಎಸ್‌ಎಲ್‌ಗೂ ಒಂದು ಅರ್ಜಿ ಹಾಕುತ್ತಿದ್ದೆ.