ಜಿಮ್ನಿಗೆ 215/75 ಆರ್15 ಎಟಿ ಟೈರ್: ಎರಡು ಮಳೆಗಾಲದ ನಂತರ

ಮಾರುತಿ ಸುಜುಕಿಯ ಪುಟ್ಟ ಫೋರ್ ವೀಲ್ ಗಾಡಿ ಜಿಮ್ನಿಯನ್ನು ಕೊಂಡವರೆಲ್ಲ ತಿಂಗಳೊಳಗೆ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ದೊಡ್ಡ ಟೈರ್ ಹಿಡಿಸುತ್ತದೆ? ಹಿಡಿಸುವುದೇನೋ ಸಾಕಷ್ಟು ದೊಡ್ಡದೇ ಹಿಡಿಸುತ್ತದೆ. ಆದರೆ 1462 ಸಿಸಿಯ, 134 ನ್ಯೂಟನ್ ಮೀಟರ್ ಟಾರ್ಕಿನ (ಚಕ್ರ ತಿರುಗಿಸುವ ಬಲದ) ಪೆಟ್ರೋಲ್ ಎಂಜಿನ್ ಎಷ್ಟನ್ನು ನೆಮ್ಮದಿಯಾಗಿ ಎಳೆಯುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಆ ಟಾರ್ಕ್ ಕೂಡ ಪೂರ್ತಿ ಕೈಗೆ ಸಿಗುವುದು 4000 ಆರ್‌ಪಿಎಂ ಮುಟ್ಟಿದ ಮೇಲೆ.

ನನ್ನದು ಮೂಡಿಗೆರೆ ಕಡೆಯ ಕಾಫಿ ತೋಟ. ಡಾಂಬರು ರಸ್ತೆಯಿಂದ ಮನೆಗೆ ಬರುವ ದಾರಿ ಮಣ್ಣಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ದಾರಿ ಎನ್ನುವುದು ಉಪಚಾರದ ಮಾತು. ಐದು ಬಾಗಿಲಿನ ಮ್ಯಾನುಯಲ್ ಜಿಮ್ನಿಯ ಜೊತೆ ಬಂದದ್ದು 195/80 ಆರ್15 ಅಳತೆಯ ಎಚ್‌ಟಿ ಟೈರ್, ಎಂದರೆ ಹೆದ್ದಾರಿಗೆಂದು ಮಾಡಿದ್ದು. (ಅಳತೆಯನ್ನು ಓದುವುದು ಹೀಗೆ: ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 80, ಕೂರುವುದು 15 ಇಂಚು ವ್ಯಾಸದ ಲೋಹದ ಚಕ್ರದ ಮೇಲೆ, ಅಂದರೆ ಡಿಸ್ಕಿನ ಮೇಲೆ.) ಹೆದ್ದಾರಿಯಲ್ಲಿ ಅದರ ಬಗ್ಗೆ ಒಂದು ದೂರೂ ಇರಲಿಲ್ಲ. ತೋಟದ ಏರಿನಲ್ಲಿ ಅದರ ಸಣ್ಣ ಸಣ್ಣ ಗೆರೆಗಳೆಲ್ಲ ಮಣ್ಣು ಮೆತ್ತಿಕೊಂಡು ನುಣ್ಣಗಾಗುತ್ತಿದ್ದವು. ಹಾಗಾದ ಮೇಲೆ ಫೋರ್ ಲೋ, ಅಂದರೆ ನಾಲ್ಕೂ ಚಕ್ರಗಳಿಗೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರ್, ಹಾಕಿದರೂ ನಾಲ್ಕು ಚಕ್ರಗಳು ಒಟ್ಟಿಗೆ ಜಾರುತ್ತವೆ, ಅಷ್ಟೆ.

ಬದಲಿಗೆ ಹಾಕಿಸಿದ್ದು 215/75 ಆರ್15 ಅಳತೆಯ ಎಟಿ, ಅಂದರೆ ಆಲ್ ಟೆರೇನ್ ಟೈರ್. ಸ್ಟೆಪ್ನಿಯೂ ಸೇರಿ ಐದು. ಒಂದೊಂದಕ್ಕೆ ಎಂಟು ಸಾವಿರದ ಆಸುಪಾಸು. ಕಂಪನಿಯ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಈ ದರ್ಜೆಯ ನಾಲ್ಕೈದು ಕಂಪನಿಗಳ ಟೈರುಗಳಲ್ಲಿ ವ್ಯತ್ಯಾಸ ಇಲ್ಲವೆಂದಲ್ಲ, ಆದರೆ ಅಳತೆಯನ್ನೇ ತಪ್ಪಾಗಿ ಆರಿಸಿಕೊಂಡವರಿಗೆ ಯಾವ ಕಂಪನಿಯೂ ನೆರವಾಗುವುದಿಲ್ಲ.

ಅಳತೆಯ ಲೆಕ್ಕ ಹೀಗಿದೆ. ಮೂಲ ಟೈರಿನ ವ್ಯಾಸ 693 ಮಿ.ಮೀ. ನನ್ನದು 703.5 ಮಿ.ಮೀ. ವ್ಯತ್ಯಾಸ ಶೇ 1.5 ಮಾತ್ರ. ನೆಲದಿಂದ ಆಕ್ಸೆಲ್ಲಿಗೆ ಹೆಚ್ಚಾಗಿ ಸಿಗುವ ಎತ್ತರ ವ್ಯಾಸದ ವ್ಯತ್ಯಾಸದ ಅರ್ಧ, ಅಂದರೆ ಐದು ಮಿ.ಮೀ. ಚಿಲ್ಲರೆ. ಅಷ್ಟಕ್ಕೆ ಇಷ್ಟು ಖರ್ಚೇ ಎಂದು ನೀವು ಕೇಳಬಹುದು. ಎತ್ತರಕ್ಕಾಗಿ ಹಾಕಿಸಿದ್ದಾದರೆ ಖಂಡಿತ ದಂಡವೇ. ನಾನು ಹಣ ಕೊಟ್ಟದ್ದು ಟೈರಿನ ಹಲ್ಲಿಗೆ ಮತ್ತು ಗಟ್ಟಿಯಾದ ಪಕ್ಕದ ಗೋಡೆಗೆ. ಇದು ಬೊಲೆರೊ ಗಾಡಿಯ ಅಳತೆಯೂ ಹೌದಾದ್ದರಿಂದ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಜಿಮ್ನಿಯ ಐದೂವರೆ ಇಂಚು ಅಗಲದ ಡಿಸ್ಕಿನ ಮೇಲೆ ಸರಿಯಾಗಿ ಕೂರುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಎಲ್ಲಿಯೂ ತಾಗುವುದಿಲ್ಲ.

ಕೆಸರಿನಲ್ಲಿ ಏನಾಯಿತು? ಕಣದಿಂದ ಮೇಲಕ್ಕೆ ಹತ್ತುವ ಎಡ ತಿರುವಿನಲ್ಲಿ ಮೊದಲು ಗಾಡಿಯ ಹಿಂಭಾಗ ಚರಂಡಿಯ ಕಡೆ ಸರಿಯುತ್ತಿತ್ತು. ಈಗ ಫೋರ್ ಲೋ, ಎರಡನೇ ಗೇರ್, ಆಕ್ಸಿಲರೇಟರ್ ಮೇಲೆ ಹಗುರವಾದ ಕಾಲು, ಇಷ್ಟರಲ್ಲಿ ಹತ್ತುತ್ತದೆ. ಚಕ್ರ ಸ್ವಲ್ಪ ತಿರುಗಿದರೆ ಸಾಕು, ಹಲ್ಲುಗಳ ನಡುವೆ ತುಂಬಿದ ಮಣ್ಣು ಎಗರಿ ಹೋಗಿ ಹೊಸ ಮಣ್ಣಿಗೆ ಹಿಡಿತ ಸಿಗುತ್ತದೆ. ತೀರಾ ಹದಗೆಟ್ಟ ದಿನ ಗಾಳಿಯನ್ನು 18 ಪಿಎಸ್‌ಐವರೆಗೆ ಇಳಿಸುತ್ತೇನೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಅದಕ್ಕೆಂದು ಬ್ಯಾಟರಿಯಿಂದ ನಡೆಯುವ ಪುಟ್ಟ ಪಂಪ್ ಸೀಟಿನ ಕೆಳಗಿದೆ. ಹೀಗಿದ್ದರೂ ಮೊಣಕಾಲುದ್ದದ ಅಂಟು ಕೆಸರಿಗೆ ಇದು ಮದ್ದಲ್ಲ. ಅಲ್ಲಿ ಈಗಲೂ ಗೆಲ್ಲುವುದು ನಮ್ಮೂರಿನ ಹಳೆಯ ಜೀಪುಗಳೇ. ಅವುಗಳ ಚಾಲಕರು ಸಪೂರವಾದ ಮಿಲಿಟರಿ ಹಲ್ಲಿನ ಟೈರ್ ಹಾಕಿ, ಬೇಕಾದರೆ ಚೈನ್ ಕಟ್ಟಿ, ಮೇಲಿನ ಕೊಚ್ಚೆಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಇಳಿಯುತ್ತಾರೆ. ಅಗಲವಾದ ಟೈರ್ ಕೊಚ್ಚೆಯ ಮೇಲೆಯೇ ತೇಲುತ್ತದೆ. ಮರಳಿನಲ್ಲಿ ಅದು ಗುಣ, ಮಲೆನಾಡಿನ ಜಾರುವ ಇಳಿಜಾರಿನಲ್ಲಿ ಅಲ್ಲ.

ಇದನ್ನು ನನ್ನ ಭಾವನಿಗೆ ಹೇಳಿ ಸಾಕಾಗಿದೆ. ಅವರದು ನಾಲ್ಕು ಗೇರಿನ ಆಟೊಮ್ಯಾಟಿಕ್ ಜಿಮ್ನಿ. ಹಾಕಿಸಿರುವುದು 235/75 ಆರ್15. ವ್ಯಾಸ 733.5 ಮಿ.ಮೀ., ಮೂಲಕ್ಕಿಂತ ಶೇ 5.8 ದೊಡ್ಡದು. ಆಕ್ಸೆಲ್ ನಿಜಕ್ಕೂ 20 ಮಿ.ಮೀ. ಮೇಲೆದ್ದಿದೆ. ಇದು ಸಣ್ಣ ಲಾಭವಲ್ಲ. ಸ್ಪ್ರಿಂಗ್ ಎತ್ತರಿಸುವ ಲಿಫ್ಟ್ ಕಿಟ್ ಹಾಕಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಆಕ್ಸೆಲ್ ನಡುವಿನ ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಡು, ಇದ್ದಲ್ಲೇ ಇರುತ್ತದೆ. ಅದನ್ನು ಕಲ್ಲಿನಿಂದ ಎತ್ತುವುದು ದೊಡ್ಡ ಟೈರ್ ಮಾತ್ರ. ಆದರೆ ಆ ಟೈರಿಗೆ ಕನಿಷ್ಠ ಆರು ಇಂಚು ಅಗಲದ ಡಿಸ್ಕ್ ಬೇಕು. ಹಾಗಾಗಿ ಡಿಸ್ಕಿಗೆ ಬೇರೆ ಖರ್ಚು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು, ಅದನ್ನು ಕತ್ತರಿಸಿದ್ದಾಯಿತು. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುವಾಗ ಅವರ ಗಾಡಿ ಪ್ರತಿ ತಿರುವಿನಲ್ಲೂ ಗೇರ್ ಇಳಿಸಿ ಅಬ್ಬರಿಸುತ್ತದೆ. ಟೈರ್ ದೊಡ್ಡದಾದಷ್ಟೂ ಎಲ್ಲ ಗೇರುಗಳೂ ಅದೇ ಪ್ರಮಾಣದಲ್ಲಿ ಉದ್ದವಾಗುತ್ತವೆ, ಅಂದರೆ ಪ್ರತಿ ಗೇರಿನಲ್ಲೂ ಎಳೆಯುವ ಬಲ ಅಷ್ಟು ಕಡಿಮೆಯಾಗುತ್ತದೆ. ಮೊದಲೇ ಸಾಧಾರಣವಾದ ಎಂಜಿನ್‌ಗೆ ಇದು ಸಲ್ಲದ ಹೊರೆ. ಬ್ರೇಕಿಗೂ ಅಷ್ಟೇ. ಹಿಂದಿನ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್, ನಿಲ್ಲಿಸಬೇಕಾದ ಚಕ್ರ ಮಾತ್ರ ಭಾರವಾಗಿದೆ.

ಭಾವನ ವಾದವನ್ನೂ ಬರೆಯದಿದ್ದರೆ ಅನ್ಯಾಯ. "ನೀನು ಗೊಬ್ಬರದ ಮೂಟೆ ಸಾಗಿಸುವವನು, ನಿನಗೆ ಅಷ್ಟು ಸಾಕು. ನನಗೆ ಗಾಡಿ ನೋಡಿದರೆ ಗಾಡಿ ಅನ್ನಿಸಬೇಕು ಮಾರಾಯ" ಎನ್ನುತ್ತಾರೆ. ನೋಡಲು ಅವರದು ಚೆನ್ನಾಗಿದೆ, ಒಪ್ಪಿದೆ.

ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತೆಂದು ಅವರು ಕೂಗಾಡಿದ್ದರಲ್ಲಿ ಮಾತ್ರ ಸ್ವಲ್ಪ ಲೆಕ್ಕದ ದೋಷವೂ ಸೇರಿತ್ತು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಓಡೋಮೀಟರ್ ಹಳೆಯ ಚಕ್ರದ ಲೆಕ್ಕವನ್ನೇ ಹಿಡಿದಿರುತ್ತದೆ. ಅವರ ಮೀಟರಿನಲ್ಲಿ 100 ಕಿ.ಮೀ. ಎಂದರೆ ನೆಲದ ಮೇಲೆ ಹತ್ತಿರ ಹತ್ತಿರ 106. ಅದನ್ನು ಸೇರಿಸಿದರೆ ನಷ್ಟ ಅಷ್ಟು ಭೀಕರವಲ್ಲ. ವೇಗಕ್ಕೂ ಇದೇ ನಿಯಮ: ಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ನಾಲ್ಕೈದು ಕಿ.ಮೀ. ಹೆಚ್ಚೇ ಓಡುತ್ತಿರುತ್ತದೆ, ಹೆದ್ದಾರಿಯ ಕ್ಯಾಮೆರಾ ನಿಮ್ಮ ಮೀಟರ್ ನೋಡುವುದಿಲ್ಲ. ನನ್ನ ಗಾಡಿಯಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು. ಇಂಧನದ ನಷ್ಟ ಲೀಟರಿಗೆ ಒಂದು ಕಿ.ಮೀ.ಗಿಂತ ತುಸು ಕಡಿಮೆ.

ಇನ್ನು ನನ್ನ ಟೈರಿನ ದೂರುಗಳು. ಎಪ್ಪತ್ತು ದಾಟಿದರೆ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಹಾಸನದಿಂದ ಬೆಂಗಳೂರಿನವರೆಗೆ ಅದೇ ಸಂಗೀತ. ಟೈರ್ ಸವೆದಂತೆ ಸದ್ದು ಏರಿದೆ, ಇಳಿದಿಲ್ಲ. ಹಲ್ಲಿನ ಸಂದಿಯಲ್ಲಿ ಜಲ್ಲಿ ಚೂರು ಸಿಕ್ಕಿಕೊಳ್ಳುತ್ತದೆ, ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕು. ಒದ್ದೆ ಡಾಂಬರಿನಲ್ಲಿ ಹಠಾತ್ ಬ್ರೇಕ್ ಹಾಕಿದರೆ ನಿಲ್ಲುವ ದೂರ ಎಚ್‌ಟಿಗಿಂತ ಹೆಚ್ಚು ಎಂಬುದು ಕಾಲಿಗೇ ಗೊತ್ತಾಗುತ್ತದೆ. ಮಂಜು ಕವಿದ ಘಾಟಿಯಲ್ಲಿ ಇದನ್ನು ಮರೆಯಬೇಡಿ.

ಜಿಮ್ನಿಯವರಿಗೆ ವಿಶೇಷವಾಗಿ ಒಂದು ಮಾತು. ಇದರ ಮುಂದಿನ ಆಕ್ಸೆಲ್ ಅಖಂಡವಾದದ್ದು, ಎಡ ಬಲ ಚಕ್ರಗಳೆರಡನ್ನೂ ಒಂದೇ ಗಟ್ಟಿ ತೊಲೆಯಂತೆ ಜೋಡಿಸಿದ್ದು, ಹಾಗಾಗಿ ಒಂದು ಚಕ್ರದ ಬ್ಯಾಲೆನ್ಸ್ ತಪ್ಪಿದರೂ ನಡುಕ ನೇರ ಸ್ಟೇರಿಂಗಿಗೆ ಬರುತ್ತದೆ. ಮಳೆಗಾಲದಲ್ಲಿ ಒಮ್ಮೆ 75ರ ವೇಗದಲ್ಲಿ ಸ್ಟೇರಿಂಗ್ ಹಿಡಿಯಲಾಗದಂತೆ ನಡುಗತೊಡಗಿತು. ಪೇಟೆಯ ಅಂಗಡಿಯೊಂದರವರು ಅಲೈನ್‌ಮೆಂಟ್ ಮಾಡಿ, ಹಣ ಪಡೆದು, "ದೊಡ್ಡ ಟೈರ್ ಹಾಕಿದರೆ ಹೀಗೇ ಸಾರ್" ಎಂದು ಕಳುಹಿಸಿದರು. ನಡುಕ ನಿಲ್ಲಲಿಲ್ಲ. ನಮ್ಮೂರಿನ ಪಂಕ್ಚರ್ ಅಂಗಡಿಯ ಹುಡುಗ ಚಕ್ರ ಬಿಚ್ಚಿ ಮಗುಚಿ ತೋರಿಸಿದ: ಡಿಸ್ಕಿನ ಒಳಭಾಗದಲ್ಲಿ ಒಂದು ಕಡೆ ಮಾತ್ರ ಅಂಗೈಯಗಲದ ಕೆಸರು ಒಣಗಿ ಇಟ್ಟಿಗೆಯಂತೆ ಕೂತಿತ್ತು. ಕೆರೆದು ತೆಗೆದು ನೀರು ಹಾಕಿದ, ನಡುಕ ಮಾಯ. ಅಂದಿನಿಂದ ಕೆಸರಿನಿಂದ ಬಂದ ಸಂಜೆಯೇ ಚಕ್ರದ ಒಳಬದಿಗೆ ಪೈಪು ಹಿಡಿಯುತ್ತೇವೆ.

ಸ್ಟೆಪ್ನಿಗೆ ಹಳೆಯ ಟೈರನ್ನೇ ಉಳಿಸಿಕೊಂಡು ನಾಲ್ಕು ಮಾತ್ರ ಬದಲಿಸಿ ಹಣ ಉಳಿಸುವ ಯೋಚನೆ ಬೇಡ. ಈ ಗಾಡಿಯಲ್ಲಿ ಎರಡೂ ಆಕ್ಸೆಲ್‌ಗಳಲ್ಲಿ ಡಿಫರೆನ್ಷಿಯಲ್ ಇದ್ದರೂ, ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ವೇಗದ ವ್ಯತ್ಯಾಸ ಸರಿದೂಗಿಸುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದಾಗ ಮುಂದಕ್ಕೂ ಹಿಂದಕ್ಕೂ ಹೋಗುವ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಚಕ್ರಗಳ ಅಳತೆ ಬೇರೆಯಾದರೆ ಆ ಒತ್ತಡ ಗೇರುಗಳ ಮೇಲೆ ಬೀಳುತ್ತದೆ. ಐದು ಟೈರುಗಳ ಜಾಗವನ್ನೂ ಸರದಿಯಲ್ಲಿ ಅದಲುಬದಲು ಮಾಡುತ್ತಿದ್ದರೆ ಸವೆತವೂ ಸಮವಾಗಿರುತ್ತದೆ.

ಕಾನೂನಿನ ವಿಷಯ ಚುಟುಕಾಗಿ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ನೋಂದಣಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಟೈರ್ ಬದಲಿಸುವ ಮೊದಲು ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಭಾವ ಕೇಳಿದ್ದಾರೆ, ಉತ್ತರಕ್ಕೆ ಇನ್ನೂ ಕಾಯುತ್ತಿದ್ದಾರೆ.

ನನ್ನವು ಈಗ ಅರ್ಧಕ್ಕಿಂತ ಹೆಚ್ಚು ಸವೆದಿವೆ. ಹಲ್ಲಿನ ಸಂದಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಆಳ, ಡಾಂಬರಿಗೆ ಇನ್ನೂ ಬಹಳ ದಿನ ಓಡುತ್ತವೆ, ಕೆಸರಿಗೆ ಬರುವ ಜೂನ್ ಹೊತ್ತಿಗೆ ನಾಲಾಯಕ್ಕು. ಮತ್ತೆ ಇದೇ ಅಳತೆ, ಇದೇ ಎಟಿ ಹಾಕಿಸುತ್ತೇನೆ. ಬಿಳಿ ಅಕ್ಷರ ಬರೆದ ಬದಿಯನ್ನು ಮಾತ್ರ ಈ ಸಲ ಒಳಮುಖ ಮಾಡಿ ಕೂರಿಸಲು ಹೇಳುತ್ತೇನೆ. ನಮ್ಮ ಕೆಂಪು ಮಣ್ಣಿನಲ್ಲಿ ಆ ಅಕ್ಷರಗಳು ಬಿಳಿಯಾಗಿದ್ದದ್ದು ಅಂಗಡಿಯಿಂದ ಮನೆ ತಲುಪುವವರೆಗೆ.