ರೈಡ್ ರಿಟೇನರ್: ವಕೀಲರ ಪ್ಯಾಕೇಜಿನಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಪೊಲೀಸರು ಅಥವಾ ಬೇರೆ ಇಲಾಖೆಯವರು ಶೋಧಕ್ಕೆ ಬಂದಾಗ ನೆರವಾಗಲು ವಕೀಲರ ಸಂಸ್ಥೆಗಳು ಕಂಪನಿಗಳ ಜೊತೆ ಮುಂಚಿತವಾಗಿ ಮಾಡಿಕೊಳ್ಳುವ ಒಪ್ಪಂದವಾದ 'ರೈಡ್ ರೆಸ್ಪಾನ್ಸ್ ರಿಟೇನರ್'ನಲ್ಲಿ ಸಾಮಾನ್ಯವಾಗಿ ಐದು ಬಾಬ್ತು ಇರುತ್ತವೆ: 24 ಗಂಟೆಯ ಹಾಟ್‌ಲೈನ್, ಸ್ಥಳಕ್ಕೆ ಬರುವ ವಕೀಲರು, ಒಬ್ಬ ಫೊರೆನ್ಸಿಕ್ ತಜ್ಞ, ಸಿಬ್ಬಂದಿಗೆ ಅಣಕು ದಾಳಿಯ ತರಬೇತಿ, ಕೊನೆಗೆ ಜಾಮೀನು ಮತ್ತು ಹೈಕೋರ್ಟ್ ಕೆಲಸ. ಬ್ರೋಷರಿನಲ್ಲಿ ದಪ್ಪಕ್ಷರ ಸಿಗುವುದು ಮೊದಲನೆಯದಕ್ಕೆ ಮತ್ತು ಕೊನೆಯದಕ್ಕೆ. ದುಡ್ಡಿಗೆ ತಕ್ಕ ಕೆಲಸ ಆಗುವುದು ನಡುವಿನ ಮೂರರಲ್ಲಿ.

ಕಾರಣ ಸರಳ. ಶೋಧ ನಡೆಸಿದ ರೀತಿಯೇ ತಪ್ಪೆಂದು ತೋರಿಸಿದರೂ, ಅದರಲ್ಲಿ ಸಿಕ್ಕ ದಾಖಲೆ ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಸಾಮಾನ್ಯವಾಗಿ ಸಾಕ್ಷ್ಯವಾಗಿ ಉಳಿಯುತ್ತದೆ. 1974ರ ಪೂರಣ್ ಮಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಹಾಗಾಗಿ 'ರೈಡನ್ನೇ ರದ್ದು ಮಾಡಿಸ್ತೀವಿ' ಎನ್ನುವ ಮಾತಿಗೆ ಮರುಳಾಗಬೇಡಿ. ಮುಂದೆ ವಾದಕ್ಕೆ ಬಲ ಬರುವುದು ಆ ದಿನ ಸ್ಥಳದಲ್ಲೇ ಏನು ಬರಹಕ್ಕೆ ಇಳಿಯಿತು ಎಂಬುದರಿಂದ.

ಸಹಿ ಹಾಕುವ ಮೊದಲು ಹಾಟ್‌ಲೈನನ್ನು ಪರೀಕ್ಷಿಸಿ. ಭಾನುವಾರ ಬೆಳಗಿನ ಜಾವ ಕರೆ ಮಾಡಿ ನೋಡಿ. 'ಸರ್ ಆಮೇಲೆ ಫೋನ್ ಮಾಡ್ತಾರೆ' ಎಂಬ ಉತ್ತರ ಬಂದರೆ ಮುಂದೆ ಓದಬೇಕಾಗಿಲ್ಲ. ವಕೀಲರು ಬರುವವರೆಗೆ ಶೋಧ ನಿಲ್ಲಿಸಿ ಎಂದು ಪಟ್ಟು ಹಿಡಿಯುವ ಹಕ್ಕು ಕಾನೂನಿನಲ್ಲಿ ಇಲ್ಲ. ಬಾಗಿಲಿಗೆ ಅಡ್ಡ ನಿಂತರೆ ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿಪಡಿಸಿದ ಇನ್ನೊಂದು ಕೇಸು. ಆದ್ದರಿಂದ ಮೊದಲ ಅರ್ಧ ಗಂಟೆ ಫೋನಿನಲ್ಲೇ ನಡೆಯಬೇಕು: ಬಂದವರು ಯಾವ ಇಲಾಖೆ, ಅಧಿಕಾರಿಯ ಹೆಸರು ಮತ್ತು ಹುದ್ದೆ, ಕೈಯಲ್ಲಿರುವುದು ವಾರಂಟೋ, ನೋಟಿಸೋ, ಎಫ್‌ಐಆರ್ ಸಂಖ್ಯೆಯೋ. ವಾರಂಟ್ ಇಲ್ಲದೆ ಪೊಲೀಸರು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 185ರಡಿ ಬಂದಿದ್ದರೆ ಕಾರಣಗಳನ್ನು ಬರೆದಿಟ್ಟಿರಬೇಕು, ಅದರ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅರ್ಜಿ ಹಾಕಿದರೆ ಆ ಪ್ರತಿ ಮಾಲೀಕರಿಗೆ ಉಚಿತ. ಈ ಅರ್ಜಿ ಹಾಕುವ ಕೆಲಸವನ್ನೇ ಮರೆಯುವ ಸಂಸ್ಥೆಗಳಿವೆ. ಅದು ಪ್ಯಾಕೇಜಿನಲ್ಲಿ ಬರೆದಿರಲಿ.

ಈಗ ಮುಖ್ಯ ಭಾಗ, ಮಹಜರು, ಅಂದರೆ ಸ್ಥಳದಲ್ಲೇ ಸಾಕ್ಷಿಗಳ ಎದುರು ಬರೆಯುವ ಶೋಧದ ದಾಖಲೆ. ಜಪ್ತಿ ಪಟ್ಟಿಯಲ್ಲಿ 'ಕಪ್ಪು ಬಣ್ಣದ ಲ್ಯಾಪ್‌ಟಾಪ್ 1' ಎಂದಷ್ಟೇ ಬರೆದಿದ್ದರೆ ಆರು ತಿಂಗಳ ನಂತರ ಅದು ಯಾರ ಯಂತ್ರ, ಒಳಗಿದ್ದ ಫೈಲು ಆ ದಿನದ್ದೇ ಹೌದೋ ಅಲ್ಲವೋ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಒಳ್ಳೆಯ ತಂಡದ ವಕೀಲರು ಕಂಪನಿ, ಮಾಡೆಲ್, ಸೀರಿಯಲ್ ಸಂಖ್ಯೆ, ಯಾರ ಮೇಜಿನಿಂದ ಎತ್ತಿದ್ದು, ಎಷ್ಟು ಹೊತ್ತಿಗೆ, ಸೀಲ್ ಹಾಕಿದ್ದು ಯಾರ ಎದುರು, ಇಷ್ಟನ್ನೂ ಪಟ್ಟಿಗೆ ಸೇರಿಸಲು ಕೇಳುತ್ತಾರೆ. ಒಪ್ಪದಿದ್ದರೆ ಆಕ್ಷೇಪವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುತ್ತಾರೆ. ಪಂಚರು (ಶೋಧದ ಸ್ವತಂತ್ರ ಸಾಕ್ಷಿಗಳು) ಇಬ್ಬರಿಗೆ ಕಡಿಮೆ ಇರಬಾರದು, ಪಟ್ಟಿಯ ಪ್ರತಿ ಸ್ಥಳದಲ್ಲಿದ್ದವರಿಗೆ ಸಿಗಬೇಕು. ಇವು ಬಿಎನ್‌ಎಸ್‌ಎಸ್ ಕಲಂ 103ರಲ್ಲೇ ಇವೆ. 2024ರ ಜುಲೈ 1ರಿಂದ ಅದೇ ಸಂಹಿತೆಯ ಕಲಂ 105ರ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಕ್ಯಾಮೆರಾ ಯಾವಾಗ ಆನ್ ಆಯಿತು, ನಡುವೆ ಎಷ್ಟು ಹೊತ್ತು ಆಫ್ ಆಗಿತ್ತು ಎಂದು ನಮ್ಮ ಕಡೆಯವರೊಬ್ಬರು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಬೇಕು. ಇದು ಜೂನಿಯರ್ ವಕೀಲರ ಕೆಲಸವೇ, ಆದರೆ ಮುಂದೆ ಪಾಟೀಸವಾಲಿಗೆ ಇದೇ ಬೇಕಾಗುತ್ತದೆ.

ಫೊರೆನ್ಸಿಕ್ ತಜ್ಞರಿಗೆ ಬೇರೆ ಶುಲ್ಕ ಕೇಳಿದರೆ ಕೊಡಿ. ಡಿಸ್ಕ್ ನಕಲು ಮಾಡುವಾಗ ಹ್ಯಾಶ್ ಮೌಲ್ಯ (ಒಳಗಿನ ಡೇಟಾ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆಸಿ ಮಹಜರಿನಲ್ಲಿ ಬರೆಸುವುದು ಅವರ ಮೊದಲ ಕೆಲಸ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಡಿ ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರ ಕೇಳುವುದೂ ಅದನ್ನೇ. ಎರಡನೆಯದು, ಸರ್ವರ್ ಎತ್ತಿಕೊಂಡು ಹೋಗುವ ಬದಲು ನಕಲು ಮಾಡಿಕೊಳ್ಳಿ ಎಂದು ಅಧಿಕಾರಿಯನ್ನು ತಾಂತ್ರಿಕವಾಗಿ ಒಪ್ಪಿಸುವುದು. ಬಿಲ್ಲಿಂಗ್ ಸರ್ವರ್ ಹೋದರೆ ಮರುದಿನ ವ್ಯಾಪಾರವೇ ಬಂದ್. ಮೂರನೆಯದು, ಏನನ್ನೂ ಅಳಿಸದಂತೆ ಸಿಬ್ಬಂದಿಯನ್ನು ತಡೆಯುವುದು. ಗಾಬರಿಯಲ್ಲಿ ವಾಟ್ಸ್ಯಾಪ್ ಗ್ರೂಪ್ ಅಳಿಸಿದವರ ಮೇಲೆ ಮೂಲ ಕೇಸಿಗಿಂತ ಸಾಕ್ಷ್ಯನಾಶದ ಕೇಸೇ ಗಟ್ಟಿಯಾಗಿ ನಿಲ್ಲುವುದುಂಟು.

ಅಣಕು ದಾಳಿ ವರ್ಷಕ್ಕೊಂದು ಸಾಕು. ರಿಸೆಪ್ಷನ್, ಸೆಕ್ಯುರಿಟಿ, ಐಟಿ, ಅಕೌಂಟ್ಸ್ ಇವರಿಗೆ ಮಾಡಿಸಿ. ನಿರ್ದೇಶಕರಿಗಷ್ಟೇ ಸ್ಲೈಡ್ ತೋರಿಸಿ ಹೋಗುವ ತರಬೇತಿ ದಂಡ.

ಯಾವ ಇಲಾಖೆ ಬಂದಿದೆ ಎನ್ನುವುದರ ಮೇಲೆ ಆಟದ ನಿಯಮವೇ ಬದಲಾಗುತ್ತದೆ, ಹಲವು ಪ್ಯಾಕೇಜುಗಳು ಎಡವುವುದು ಇಲ್ಲೇ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕುವಂತಿಲ್ಲ. ಇ.ಡಿ. (ಜಾರಿ ನಿರ್ದೇಶನಾಲಯ) ಮುಂದೆ ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ) ಕಲಂ 50ರ ಹೇಳಿಕೆಗೆ ಸಹಿ ಬೀಳುತ್ತದೆ, ಅದು ಸಾಕ್ಷ್ಯವಾಗಿ ಬಳಕೆಯೂ ಆಗುತ್ತದೆ. ಸುಪ್ರೀಂ ಕೋರ್ಟಿನ 2022ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು ಇ.ಡಿ. ಅಧಿಕಾರಿಗಳನ್ನು ಪೊಲೀಸರೆಂದು ಪರಿಗಣಿಸಲಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಪಳಗಿದ, ಆದರೆ ತೆರಿಗೆ ಮತ್ತು ಇ.ಡಿ. ಕಡೆ ತಲೆಹಾಕದ ವಕೀಲರು ಎರಡಕ್ಕೂ ಒಂದೇ ಸಲಹೆ ಕೊಟ್ಟುಬಿಡುತ್ತಾರೆ. ಕಳೆದ ವರ್ಷಗಳಲ್ಲಿ ಯಾವ ಯಾವ ಇಲಾಖೆಯ ಶೋಧಗಳಿಗೆ ಹೋಗಿದ್ದೀರಿ ಎಂದು ನೇರವಾಗಿ ಕೇಳಿ.

ಒಪ್ಪಂದದಲ್ಲಿ ನೋಡಬೇಕಾದ ಷರತ್ತು ಇನ್ನೂ ಎರಡಿವೆ. ಕಂಪನಿಗೂ ಅಕೌಂಟ್ಸ್ ಮ್ಯಾನೇಜರಿಗೂ ಒಬ್ಬರೇ ವಕೀಲರು ಎಂದಿದ್ದರೆ ಒಪ್ಪಬೇಡಿ. 'ಬಾಸ್ ಹೇಳಿದ್ದಕ್ಕೆ ಎಂಟ್ರಿ ಹಾಕಿದೆ' ಎನ್ನುವುದೇ ಮ್ಯಾನೇಜರ್‌ನ ರಕ್ಷಣೆಯಾದಾಗ ಇಬ್ಬರ ಹಿತವೂ ಒಂದೇ ಕೈಯಲ್ಲಿ ಉಳಿಯದು. ಸಿಬ್ಬಂದಿಗೆ ಪ್ರತ್ಯೇಕ ವಕೀಲರು, ಖರ್ಚು ಕಂಪನಿಯದು ಎಂದು ಬರೆಸಿ. ಇನ್ನೊಂದು, ಫಲಿತಾಂಶಕ್ಕೆ ಕಟ್ಟಿದ ಫೀಸು. ಜಾಮೀನು ಸಿಕ್ಕರೆ ಇಷ್ಟು ಎನ್ನುವ ಕರಾರು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ, ಜಾಹೀರಾತು ಹಾಕಿ ಗ್ಯಾರಂಟಿ ಕೊಡುವುದೂ ಅಷ್ಟೇ. ಅಂಥವರನ್ನು ಪಟ್ಟಿಯಿಂದಲೇ ತೆಗೆಯಿರಿ.

ರೈಡ್ ಮುಗಿದ ಮೇಲಿನ ಸೇವೆಗಳಲ್ಲಿ ನಿರೀಕ್ಷಣಾ ಜಾಮೀನಿಗಿಂತ ತುರ್ತಾಗಿ ಬೇಕಾಗುವುದು ತಡೆಹಿಡಿದ ಬ್ಯಾಂಕ್ ಖಾತೆಯನ್ನು ಬಿಡಿಸುವ ಅರ್ಜಿ. ಖಾತೆ ತಡೆಹಿಡಿದ ಆದೇಶದ ಪ್ರತಿ, ಸಂಬಳ ಮತ್ತು ಜಿಎಸ್‌ಟಿ ಬಾಕಿಯ ಲೆಕ್ಕ, ವಿವಾದಿತ ಮೊತ್ತ ಎಷ್ಟು ಎಂಬ ಹೇಳಿಕೆ, ಈ ಮೂರನ್ನು ಜೋಡಿಸಿ, ವಿವಾದಿತ ಮೊತ್ತವನ್ನು ಬಿಟ್ಟು ಉಳಿದ ಹಣ ಬಳಸಲು ಅನುಮತಿ ಕೇಳುವುದು ವಾಡಿಕೆ. ಇದನ್ನು 'ಹೆಚ್ಚುವರಿ ಕೆಲಸ' ಎಂದು ಬೇರೆ ಬಿಲ್ ಮಾಡುವ ಪ್ಯಾಕೇಜಿಗೆ ಸಹಿ ಹಾಕುವ ಮುನ್ನ ಆ ಸಾಲನ್ನು ಹೊಡೆದು ಹಾಕಿಸಿ.