ಪೋಸ್ಟ್‌ಗ್ರೆಸ್ಸೋ ಮೈಎಸ್‌ಕ್ಯೂಎಲ್ಲೋ: ಎರಡನ್ನೂ ನೋಡಿಕೊಳ್ಳುವವನ ಹೋಲಿಕೆ

ಹೊಸದಾಗಿ ಡೇಟಾಬೇಸ್ ಸರ್ವರ್ ಹಾಕಿಸುವವರು ಯಾರೇ ಕೇಳಿದರೂ ನಾನು ಹೇಳುವುದು ಪೋಸ್ಟ್‌ಗ್ರೆಸ್. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ನನ್ನ ಒಲವು ಎತ್ತ ಎಂಬ ಅನುಮಾನ ಉಳಿಯುವುದಿಲ್ಲ. ನಾನು ನೋಡಿಕೊಳ್ಳುತ್ತಿರುವುದು ಒಂದು ಪತ್ತಿನ ಸಹಕಾರ ಸಂಘದ ಲೆಕ್ಕಪತ್ರ ಮತ್ತು ಒಂದು ಶಾಲೆಯ ಶುಲ್ಕದ ತಂತ್ರಾಂಶ. ಸಂಘದ್ದು ಪೋಸ್ಟ್‌ಗ್ರೆಸ್, ಶಾಲೆಯದು ಮೈಎಸ್‌ಕ್ಯೂಎಲ್. ಎರಡೂ 2 ಜಿಬಿ ಮೆಮೊರಿಯ ಬಾಡಿಗೆ ಸರ್ವರ್‌ಗಳಲ್ಲಿವೆ. ಈ ಗಾತ್ರದ ಕೆಲಸಕ್ಕೆ ಎರಡರ ವೇಗವೂ ಧಾರಾಳ ಸಾಕು. ಸೆಕೆಂಡಿಗೆ ಎಷ್ಟು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಎಂಬ ಪಟ್ಟಿ ಹಿಡಿದು ವಾದ ಮಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಏನಾದರೂ ಕೆಟ್ಟ ದಿನ ಯಾವುದು ನನ್ನ ಕೈಗೆ ಸುಲಭವಾಗಿ ಸಿಗುತ್ತದೆ, ಅದಷ್ಟೇ ನನಗೆ ಮುಖ್ಯ.

ಮೈಎಸ್‌ಕ್ಯೂಎಲ್ ನನ್ನ ಮನಸ್ಸಿನಿಂದ ಇಳಿದದ್ದು ಶಾಲೆಯ ತಂತ್ರಾಂಶವನ್ನು ಮೇಲ್ದರ್ಜೆಗೆ ಏರಿಸಿದಾಗ. ಜೂನ್ ತಿಂಗಳು, ದಾಖಲಾತಿಯ ಸಮಯ. ತಂತ್ರಾಂಶ ಕೊಟ್ಟವರು ಟೇಬಲ್‌ಗಳ ರಚನೆ ಬದಲಿಸುವ ಸ್ಕ್ರಿಪ್ಟ್ ಒಂದನ್ನು ಕಳುಹಿಸಿದ್ದರು. ಮೊದಲ ಆದೇಶ ರಸೀದಿ ಟೇಬಲ್‌ಗೆ ಹೊಸ ಕಾಲಂ ಸೇರಿಸಿತು. ಎರಡನೆಯದು ಹಳೆಯ ಕಾಲಂ ಒಂದರ ಹೆಸರು ಬದಲಿಸಿತು. ಮೂರನೆಯದು ರಸೀದಿ ಸಂಖ್ಯೆಗೆ ಯೂನಿಕ್ ಇಂಡೆಕ್ಸ್ (ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆಯುವ ಹುಡುಕುಪಟ್ಟಿ) ಹಾಕಲು ಹೋಗಿ, ಹಿಂದಿನ ವರ್ಷದ ಎರಡು ರಸೀದಿಗಳಿಗೆ ಒಂದೇ ಸಂಖ್ಯೆ ಇದ್ದದ್ದರಿಂದ ನಿಂತುಬಿಟ್ಟಿತು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಬದಲಿಸುವ ಪ್ರತಿಯೊಂದು ಆದೇಶವೂ ತಾನೇ ಕಮಿಟ್, ಅಂದರೆ ಕಾಯಂ, ಆಗುತ್ತದೆ. ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ ಎಂಬ ಆದೇಶಗಳ ಕಟ್ಟು) ತೆರೆದು ಅದರೊಳಗೆ ಬರೆದರೂ ಅಷ್ಟೇ. 8.0 ಆವೃತ್ತಿಯಿಂದ ಒಂದು ಆದೇಶ ಅರ್ಧಕ್ಕೆ ನಿಲ್ಲದಂತೆ ಕಾಪಾಡುತ್ತದೆ ನಿಜ, ಆದರೆ ಆದೇಶಗಳ ಸಾಲನ್ನು ಒಟ್ಟಾಗಿ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹಾಗಾಗಿ ಡೇಟಾಬೇಸ್ ಹಳೆಯ ತಂತ್ರಾಂಶಕ್ಕೂ ಹೊಂದದೆ ಹೊಸದಕ್ಕೂ ಹೊಂದದೆ ನಡುವೆ ನಿಂತಿತು. ಕೌಂಟರ್ ಮುಂದೆ ಪೋಷಕರು ಸಾಲುಗಟ್ಟಿದ್ದರು.

ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಈ ಕಾಲಂ ಈಗಾಗಲೇ ಇದೆ ಎಂದು ಮೊದಲ ಸಾಲಿನಲ್ಲೇ ತಕರಾರು. ಇಲ್ಲದಿದ್ದರೆ ಮಾತ್ರ ಸೇರಿಸು ಎಂದು ಬರೆಯುವ ಸೌಲಭ್ಯ ಅದರಿಂದಲೇ ಕವಲೊಡೆದ ಮಾರಿಯಾಡಿಬಿಯಲ್ಲಿ ಇದೆ, ಮೈಎಸ್‌ಕ್ಯೂಎಲ್ 8.0ರಲ್ಲಿ ಇಲ್ಲ. ಎಲ್ಲಿಯವರೆಗೆ ಆಗಿದೆ ಎಂದು ಒಂದೊಂದಾಗಿ ನೋಡಿ, ಉಳಿದದ್ದನ್ನು ಕೈಯಿಂದಲೇ ಮುಗಿಸಬೇಕಾಯಿತು. ಇದೇ ಕೆಲಸ ಪೋಸ್ಟ್‌ಗ್ರೆಸ್‌ನಲ್ಲಾಗಿದ್ದರೆ ಮೊದಲಲ್ಲಿ ಒಂದು ಬಿಗಿನ್, ಕೊನೆಯಲ್ಲಿ ಒಂದು ಕಮಿಟ್. ಮೂರನೆಯ ಆದೇಶ ಸೋತ ಕ್ಷಣವೇ ಮೊದಲೆರಡೂ ಇಲ್ಲದಂತಾಗಿ, ಶಾಲೆಯವರು ಹಳೆಯ ತಂತ್ರಾಂಶದಲ್ಲೇ ರಸೀದಿ ಹರಿಯುತ್ತಿದ್ದರು. ಒಬ್ಬನೇ ಕುಳಿತು ಸರ್ವರ್ ನೋಡಿಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಹಾಗೆಂದು ಪೋಸ್ಟ್‌ಗ್ರೆಸ್ ನನಗೆ ತೊಂದರೆಯನ್ನೇ ಕೊಟ್ಟಿಲ್ಲವೆಂದಲ್ಲ. ಅದು ಕೊಟ್ಟದ್ದು ಒಂದೇ, ಆದರೆ ಅಂಥದ್ದು ಯಾರಿಗೂ ಬರಬಾರದು. ಬಹಳ ಜನಕ್ಕೆ ಇದರ ಸುಳಿವೇ ಇಲ್ಲ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಸರ್ವರ್ ಬಾಡಿಗೆಗೆ ಕೊಟ್ಟ ಸಂಸ್ಥೆಯವರು ಅದರ ಲಿನಕ್ಸನ್ನು ಉಬುಂಟು 18.04ರಿಂದ 20.04ಕ್ಕೆ ಬದಲಿಸಿದರು. ಪೋಸ್ಟ್‌ಗ್ರೆಸ್ ಅದೇ 12ನೇ ಆವೃತ್ತಿ, ಡೇಟಾ ಇದ್ದ ಫೋಲ್ಡರ್ ಕೂಡ ಅದೇ. ಸರ್ವರ್ ಮೇಲೆದ್ದಿತು, ಲಾಗ್‌ನಲ್ಲಿ ಒಂದು ದೋಷವೂ ಇಲ್ಲ. ಕೆಲವು ದಿನ ಕಳೆದ ಮೇಲೆ ಸಂಘದ ಗುಮಾಸ್ತರು ಫೋನ್ ಮಾಡಿದರು: “ಸರ್, 1-1 ಖಾತೆ ಹುಡುಕಿದರೆ ಇಲ್ಲ ಎನ್ನುತ್ತಿದೆ. ಹೋದ ತಿಂಗಳು ನಾನೇ ಅದಕ್ಕೆ ಜಮೆ ಹಾಕಿದ್ದೇನೆ.” ಅವರ ಖಾತೆ ಸಂಖ್ಯೆಗಳು ಲೆಡ್ಜರ್ ಸಂಖ್ಯೆ, ಅಡ್ಡಗೆರೆ, ಪುಟ ಸಂಖ್ಯೆ ಎಂಬ ರೂಪದಲ್ಲಿವೆ, ತೀರಾ ಹಳೆಯವು ಮಾತ್ರ 11, 12 ಎಂದು ಬರಿಯ ಅಂಕಿಗಳು. ಹುಡುಕಿದರೆ ನನಗೂ ಸಿಗಲಿಲ್ಲ. ಇಂಡೆಕ್ಸ್ ಬಳಸಬೇಡ ಎಂದು ಹೇಳಿ ಅದೇ ಕ್ವೆರಿಯನ್ನು ಓಡಿಸಿದಾಗ ಸಾಲು ಎದುರಿಗೆ ಬಂತು. ಅದೂ ಒಂದಲ್ಲ, ಎರಡು! ಹಳೆಯ ಖಾತೆ ಕಾಣದಿದ್ದಾಗ ಕೌಂಟರ್‌ನಲ್ಲಿ ಯಾರೋ ಹೊಸದಾಗಿ ತೆರೆದಿದ್ದರು, ಯೂನಿಕ್ ಇಂಡೆಕ್ಸ್ ಅದನ್ನು ತಡೆದಿರಲಿಲ್ಲ.

ಕಾರಣ ಇಷ್ಟೇ. ಪಠ್ಯವನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್, ನಾವು ಬೇರೆ ಹೇಳದಿದ್ದರೆ, ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮ ಬದಲಾಯಿತು. ಮೊದಲು ಅಡ್ಡಗೆರೆಯನ್ನು ಲೆಕ್ಕಕ್ಕೇ ಹಿಡಿಯದೆ 11 ಆದ ಮೇಲೆ 1-1 ಬರುತ್ತಿತ್ತು. ಈಗ 1-1 ಮೊದಲು, 11 ಆಮೇಲೆ. ಉಬುಂಟು 18.04ರಲ್ಲಿದ್ದದ್ದು 2.27, 20.04ರಲ್ಲಿರುವುದು 2.31. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ. ನಿಘಂಟನ್ನು ಒಂದು ಅಕಾರಾದಿಯಲ್ಲಿ ಅಚ್ಚು ಹಾಕಿಸಿ, ಓದುವವನಿಗೆ ಬೇರೆ ಅಕಾರಾದಿ ಕಲಿಸಿದ ಹಾಗೆ. ಡೆಬಿಯನ್ 9ರಿಂದ 10ಕ್ಕೆ, ರೆಡ್ ಹ್ಯಾಟ್ 7ರಿಂದ 8ಕ್ಕೆ ಹೋದವರಿಗೂ ಇದೇ ಗಂಡಾಂತರ. ಮುಖ್ಯ ಸರ್ವರ್ ಹಳೆಯ ಲಿನಕ್ಸ್‌ನಲ್ಲಿದ್ದು ರೆಪ್ಲಿಕಾ (ಅದರ ಪ್ರತಿ ಇಟ್ಟುಕೊಳ್ಳುವ ಸರ್ವರ್) ಹೊಸದರಲ್ಲಿದ್ದರೂ ಅಷ್ಟೇ.

ಪರಿಹಾರ ರೀಇಂಡೆಕ್ಸ್, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟುವುದು. ಆದರೆ ಒಮ್ಮೆ ನಕಲು ಸಾಲುಗಳು ಸೇರಿಕೊಂಡರೆ ಯೂನಿಕ್ ಇಂಡೆಕ್ಸನ್ನು ಮತ್ತೆ ಕಟ್ಟಲು ಅದು ಒಪ್ಪುವುದಿಲ್ಲ. ಗುಮಾಸ್ತರು ಕಾಗದದ ಲೆಡ್ಜರ್ ತೆರೆದು ಓದಿದರು, ನಾನು ಇತ್ತ ಎರಡೆರಡಾಗಿದ್ದ ಖಾತೆಗಳ ಜಮೆ–ಖರ್ಚನ್ನು ಒಂದಕ್ಕೆ ಸೇರಿಸಿದೆ. ಆಮೇಲೆ ರೀಇಂಡೆಕ್ಸ್, ಆಮೇಲೆ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಆಮ್‌ಚೆಕ್‌ನಿಂದ ಪ್ರತಿಯೊಂದು ಇಂಡೆಕ್ಸಿನ ತಪಾಸಣೆ. ಲಿನಕ್ಸ್ ಬದಲಿಸಿದ ಕೂಡಲೇ, ಯಾರನ್ನೂ ಒಳಬಿಡುವ ಮೊದಲೇ ರೀಇಂಡೆಕ್ಸ್ ಮಾಡಿದರೆ ಇಷ್ಟೂ ರಗಳೆ ತಪ್ಪುತ್ತದೆ. 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೊಲೇಷನ್ (ಪಠ್ಯ ಜೋಡಿಸುವ ಕ್ರಮ) ಆವೃತ್ತಿಯನ್ನು ಬರೆದಿಟ್ಟುಕೊಂಡು, ಹೊಂದಿಕೆಯಾಗದಿದ್ದರೆ ಸಂಪರ್ಕಿಸಿದಾಗಲೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ದಯವಿಟ್ಟು ದಾಟಿಕೊಂಡು ಹೋಗಬೇಡಿ.

ಈಗ ಖಾತೆ ಸಂಖ್ಯೆಯ ಕಾಲಂಗಳಿಗೆಲ್ಲ ‘ಸಿ’ ಕೊಲೇಷನ್ ಹಾಕಿದ್ದೇನೆ. ಅದು ಬೈಟ್‌ಗಳನ್ನು ಮಾತ್ರ ಹೋಲಿಸುತ್ತದೆ, ಯಾವ ಲಿನಕ್ಸ್ ಬಂದರೂ ಬದಲಾಗುವುದಿಲ್ಲ. ಸದಸ್ಯರ ಕನ್ನಡದ ಹೆಸರುಗಳಿಗೆ ಅದೊಂದೇ ಸಾಲದು. ಯೂನಿಕೋಡ್‌ನಲ್ಲಿ ಳಕಾರ ಲಕಾರದ ಮಗ್ಗುಲಲ್ಲೇ ಕುಳಿತಿದೆ, ವಕಾರಕ್ಕಿಂತ ಮೊದಲು. ‘ಸಿ’ ಕ್ರಮದಲ್ಲಿ ಕಳಸ ಮೊದಲು ಬಂದು ಕವಲು ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕಟ್ಟಕಡೆಯದು. ಆದ್ದರಿಂದ ಇಂಡೆಕ್ಸಿಗೆ ‘ಸಿ’, ಪಟ್ಟಿ ಮುದ್ರಿಸುವಾಗ ಮಾತ್ರ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಷನ್. ಸಂಘದ ಮಹಾಸಭೆಯ ಸದಸ್ಯರ ಪಟ್ಟಿ ಈಗ ಸರಿಯಾದ ಅಕಾರಾದಿಯಲ್ಲಿ ಬರುತ್ತಿದೆ.

ಈ ವಿಷಯದಲ್ಲಿ ಮೈಎಸ್‌ಕ್ಯೂಎಲ್‌ಗೆ ಪೂರ್ತಿ ಅಂಕ. ಕೊಲೇಷನ್‌ಗಳನ್ನು ಅದು ತನ್ನೊಳಗೇ ಇಟ್ಟುಕೊಂಡಿದೆ. ಕೆಳಗಿನ ಲಿನಕ್ಸ್ ಬದಲಾದರೆ ಅದಕ್ಕೆ ಏನೂ ಆಗುವುದಿಲ್ಲ.

ಉಳಿದವು ಬೇಗ ಮುಗಿಯುವ ಮಾತುಗಳು. ಯಾವ ಕ್ವೆರಿ ಓಡುತ್ತಿದೆ, ಯಾವುದು ಕಾದು ನಿಂತಿದೆ ಎಂದು ತಿಳಿಯಲು ಪೋಸ್ಟ್‌ಗ್ರೆಸ್‌ನ ಚಟುವಟಿಕೆ ಟೇಬಲ್ ಒಂದೇ ಸಾಕು. ಕ್ವೆರಿ, ಸ್ಥಿತಿ, ಯಾವುದಕ್ಕೆ ಕಾಯುತ್ತಿದೆ, ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ (ಅದರ ಡೇಟಾ ಸಂಗ್ರಹಿಸುವ ಭಾಗ) ಕೊಡುವ ವರದಿ ಉದ್ದದ ಗದ್ಯ. ಅದನ್ನೇ ಓದಲು ಸುಲಭವಾದ ಟೇಬಲ್ ರೂಪದಲ್ಲಿ ತೋರಿಸುವ ಸಿಸ್ ಸ್ಕೀಮಾ ಬಂದ ಮೇಲೆ ಪರವಾಗಿಲ್ಲ.

ಟೇಬಲ್ ಬದಲಿಸುವ ಆದೇಶ ಲಾಕ್‌ಗಾಗಿ, ಅಂದರೆ ಬೇರೆಯವರು ಆ ಟೇಬಲ್ ಬಿಟ್ಟುಕೊಡುವುದಕ್ಕಾಗಿ, ಎಷ್ಟು ಹೊತ್ತು ಕಾಯಬೇಕು? ಮೈಎಸ್‌ಕ್ಯೂಎಲ್‌ನಲ್ಲಿ ತಾನಾಗಿ ಇರುವ ಮಿತಿ 3,15,36,000 ಸೆಕೆಂಡು, ಅಂದರೆ ಇಡೀ ಒಂದು ವರ್ಷ! ಅದು ಕಾಯುವಷ್ಟು ಹೊತ್ತೂ ಆ ಟೇಬಲ್‌ಗೆ ಬರುವ ಉಳಿದ ಕ್ವೆರಿಗಳು ಅದರ ಹಿಂದೆ ಸಾಲು ನಿಲ್ಲುತ್ತವೆ. ಪೋಸ್ಟ್‌ಗ್ರೆಸ್ ಕೂಡ ಇದರಲ್ಲಿ ಸಾಧುವಲ್ಲ, ಅಲ್ಲಿ ಮಿತಿಯೇ ಇಲ್ಲ. ಎರಡರಲ್ಲೂ ನಾನು 5 ಸೆಕೆಂಡಿಗೆ ಇಳಿಸಿಯೇ ಕೆಲಸ ಶುರು ಮಾಡುತ್ತೇನೆ.

ಪೋಸ್ಟ್‌ಗ್ರೆಸ್‌ನ ವ್ಯಾಕ್ಯೂಮ್ (ಅಳಿಸಿದ, ಬದಲಿಸಿದ ಸಾಲುಗಳ ಹಳೆಯ ಪ್ರತಿಗಳನ್ನು ಗುಡಿಸುವ ಕೆಲಸ) ಎಂದರೆ ಜನ ಹೆದರುತ್ತಾರೆ. ಟೇಬಲ್‌ನ ಶೇ 20ರಷ್ಟು ಸಾಲುಗಳು ಸತ್ತ ಮೇಲಷ್ಟೇ ಆಟೋವ್ಯಾಕ್ಯೂಮ್ ಗುಡಿಸಲು ಬರುತ್ತದೆ. ದೊಡ್ಡ ಟೇಬಲ್‌ಗೆ ಅದು ತೀರಾ ತಡ. ಜಮೆ–ಖರ್ಚಿನ ಟೇಬಲ್‌ಗೆ ಮಾತ್ರ ಶೇ 2ಕ್ಕೆ ಇಳಿಸಿದ್ದೇನೆ, ಅಲ್ಲಿಗೆ ಆ ಚಿಂತೆ ಮುಗಿಯಿತು.

ಬ್ಯಾಕಪ್‌ನಲ್ಲಿ ಪೋಸ್ಟ್‌ಗ್ರೆಸ್ ಮುಂದು. ಅದರ ಕಸ್ಟಮ್ ರೂಪದ ಡಂಪ್‌ನಿಂದ (ಡೇಟಾಬೇಸಿನ ಪೂರ್ತಿ ನಕಲಿನ ಕಡತ) ಬೇಕಾದ ಒಂದೇ ಟೇಬಲ್ ಎತ್ತಿಕೊಳ್ಳಬಹುದು. ಮೈಎಸ್‌ಕ್ಯೂಎಲ್ ಡಂಪ್‌ನ ಒಂದೇ ಉದ್ದನೆಯ ಕಡತದಲ್ಲಿ ಅದನ್ನು ಹುಡುಕಿ ಕತ್ತರಿಸಬೇಕು. ಆವೃತ್ತಿ ಬದಲಿಸುವುದರಲ್ಲಿ ಮೈಎಸ್‌ಕ್ಯೂಎಲ್ ಸುಲಭ, ಹೊಸ ಸರ್ವರ್ ಶುರುವಾದಾಗ ತಾನೇ ಒಳಗಿನದನ್ನೆಲ್ಲ ಸರಿಪಡಿಸಿಕೊಳ್ಳುತ್ತದೆ. ಸಂಪರ್ಕಗಳು ನೂರಾರು ಇದ್ದರೂ ಅದೇ ಹಗುರ. ಪೋಸ್ಟ್‌ಗ್ರೆಸ್‌ನಲ್ಲಿ ಸಂಪರ್ಕಕ್ಕೊಂದು ಪ್ರೊಸೆಸ್, ಮುಂದೆ ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚಿಕೊಡುವ ಪಿಜಿಬೌನ್ಸರ್ ಕೂರಿಸಬೇಕು. ನನ್ನ ಸಂಘದಲ್ಲಿರುವುದು ಬೆರಳೆಣಿಕೆಯ ಕೌಂಟರ್‌ಗಳು, ಅದರ ಅಗತ್ಯ ಬಿದ್ದಿಲ್ಲ.

ಹಣದ ಮಾತಿಗೆ ಬಂದರೆ ಎರಡೂ ಉಚಿತ. ಖರ್ಚಾಗುವುದು ನನ್ನ ಸಮಯ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕಿಕೊಂಡವರು, ವರ್ಡ್‌ಪ್ರೆಸ್ ತಾಣ ಇಂಥವಕ್ಕೆ ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿಯೇ ಬೇಕು, ಅಲ್ಲಿ ಚರ್ಚೆಯೇ ಬೇಡ. ನಿಮ್ಮ ಊರಿನಲ್ಲಿ ಮೈಎಸ್‌ಕ್ಯೂಎಲ್ ಬಲ್ಲವರು ಮಾತ್ರ ಸಿಗುವುದಾದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ಹಗಲು ಬೇರೆ ಕೆಲಸ, ಸಂಜೆ ಸರ್ವರ್ ಎಂದು ಬದುಕುವ ನನ್ನಂಥವರು, ಟೇಬಲ್‌ಗಳ ರಚನೆಯನ್ನು ವರ್ಷಕ್ಕೆ ಹಲವು ಸಲ ಬದಲಿಸಬೇಕಾದವರು ಪೋಸ್ಟ್‌ಗ್ರೆಸ್ ಹಾಕಿಕೊಳ್ಳಬೇಕು. ಶಾಲೆಯಲ್ಲಿರುವ 8.0 ಸರಣಿಗೆ ಬೆಂಬಲ 2026ರ ಏಪ್ರಿಲ್‌ವರೆಗೆ ಮಾತ್ರ. 8.4ಕ್ಕೆ ಹೋಗುವುದೋ, ತಂತ್ರಾಂಶವನ್ನೇ ಬದಲಿಸುವುದೋ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಪೋಸ್ಟ್‌ಗ್ರೆಸ್ ಮೇಲೆ ಓಡುವ ತಂತ್ರಾಂಶ ಇದ್ದರೆ ಮೊದಲು ಅದನ್ನು ತರಿಸಿ ನೋಡೋಣ ಎಂದು ಹೇಳಿದ್ದೇನೆ.